ಇನ್ನೂ ಬಾರದ ಮೂರನೆಯವರಿಗೆ

ಅಜ್ಜಿಯ ಹೊಲಿಗೆ ಮಷೀನ್ ನನ್ನ ಪಾಲಿಗೆ ಬಂದಾಗ ಅದು ಸರಿಯಾಗಿ ಹೊಲಿಯುತ್ತಿರಲಿಲ್ಲ. ಪೂರ್ತಿ ಕೆಟ್ಟಿತ್ತು ಅಂತಲ್ಲ. ಚಕ್ರ ತಿರುಗುತ್ತಿತ್ತು, ಸೂಜಿ ಮೇಲೆ ಕೆಳಗೆ ಆಡುತ್ತಿತ್ತು, ಆದರೆ ಎರಡು ಹೊಲಿಗೆ ಬಿದ್ದರೆ ಮುಂದಿನ ಮೂರು ಬೀಳುತ್ತಿರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಮೂಲೆಗೆ ತಳ್ಳಿ ಸುಮ್ಮನಾಗುತ್ತಿದ್ದೆ. ಅರ್ಧಂಬರ್ಧ ಕೆಲಸ ಮಾಡುವ ವಸ್ತು ಇದೆಯಲ್ಲ, ಅದು ಮಾತ್ರ ನಿದ್ದೆ ಮಾಡಲು ಬಿಡುವುದಿಲ್ಲ.

ಹಳೇ ಹೊಲಿಗೆ ಮಷೀನ್‌ಗಳ ಹುಚ್ಚು ಹತ್ತಿಸಿಕೊಂಡವರ ಒಂದು ಆನ್‌ಲೈನ್ ಗುಂಪು ಸಿಕ್ಕಿತು. ಸೇರಿಕೊಂಡವನೇ "ಮಷೀನ್ ಸರಿಯಾಗಿ ಹೊಲಿಯುತ್ತಿಲ್ಲ, ಏನು ಮಾಡಲಿ?" ಅಂತ ಕೇಳಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಡಾಕ್ಟರಿಗೆ ಫೋನ್ ಮಾಡಿ "ಹುಷಾರಿಲ್ಲ, ಮಾತ್ರೆ ಹೇಳಿ" ಅಂದ ಹಾಗೆ. ಒಂದು ದಿನ ಯಾರೂ ಮಾತಾಡಲಿಲ್ಲ. ಎರಡನೇ ದಿನ ಒಬ್ಬರು ಬಂದರು. ಅವರ ನಿಜವಾದ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಮಷೀನ್ ರಿಪೇರಿ ಮಾಡಿಯೇ ಬದುಕು ಸಾಗಿಸಿದವರು ಅಂತ ಆಮೇಲೆ ತಿಳಿಯಿತು. ಅವರು ಉತ್ತರ ಕೊಡಲಿಲ್ಲ. ತಿರುಗಿ ಕೇಳಿದರು. ಸೂಜಿಯ ಮೇಲ್ತುದಿಯಲ್ಲಿ ಒಂದು ಕಡೆ ಚಪ್ಪಟೆಯಾಗಿರುತ್ತದಲ್ಲ, ಅದು ಈಗ ಯಾವ ಕಡೆಗಿದೆ? ಒಂದು ಫೋಟೋ ಹಾಕ್ತೀರಾ?

ಸೂಜಿಗೆ ಚಪ್ಪಟೆ ಮೈ ಇರುತ್ತದೆ ಅನ್ನುವುದೇ ನನಗೆ ಹೊಸ ಸುದ್ದಿ. ಈಗಿನ ಮನೆ ಮಷೀನ್‌ಗಳಲ್ಲಿ ಅದು ಸಾಮಾನ್ಯವಾಗಿ ಹಿಂದಕ್ಕಿರುತ್ತದೆ. ಯಾವುದೋ ವಿಡಿಯೋ ನೋಡಿಕೊಂಡು ನಾನೂ ಹಿಂದಕ್ಕೇ ಹಾಕಿದ್ದೆ. ಎಷ್ಟೋ ಹಳೇ ಮಷೀನ್‌ಗಳಲ್ಲಿ ಅದು ಪಕ್ಕಕ್ಕಿರಬೇಕಂತೆ. ಹಿಂದೆ, ಮುಂದೆ ಅಂತ ಬಾಯಿಪಾಠ ಮಾಡಬೇಡಿ, ಅಂದರು ಅವರು. ಸೂಜಿಯ ಉದ್ದ ಗೀರು ದಾರ ಬರುವ ಕಡೆಗಿರಬೇಕು, ಚಪ್ಪಟೆ ಮೈ ಕೆಳಗಿನ ದಾರ ಇರುವ ಶಟಲ್ ಕಡೆಗಿರಬೇಕು, ಅಷ್ಟೇ. ತಿರುಗಿಸಿ ಹಾಕಿದೆ. ಹೊಲಿಗೆ ಬಂತು. ಆದರೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ ಎಲ್ಲೋ ಒಳಗೆ "ಟಕ್" ಅನ್ನುತ್ತಿತ್ತು. ಅದನ್ನೂ ಹೇಳಿದೆ. ದಾರ ತೆಗೆದು, ಬಟ್ಟೆ ಇಡದೆ, ಕೈಯಲ್ಲಿ ನಿಧಾನವಾಗಿ ಚಕ್ರ ತಿರುಗಿಸಿ, ಸದ್ದನ್ನು ರೆಕಾರ್ಡ್ ಮಾಡಿ ಹಾಕಿ ಅಂದರು. ಹಾಕಿದೆ. ಕೇಳಿದವರು, ಶಟಲ್ ಕೂರುವ ಗೂಡಿನಲ್ಲಿ ದಾರದ ಚೂರು ಸಿಕ್ಕಿಕೊಂಡಿರಬೇಕು ನೋಡಿ, ಅಂತ ಬರೆದರು. ಬಿಚ್ಚಿದರೆ ಉಗುರುದ್ದದ ನೀಲಿ ದಾರ. ಅಜ್ಜಿ ಯಾವ ಕಾಲದಲ್ಲಿ ಏನು ಹೊಲಿದಿದ್ದಳೋ.

ನನಗೆ ಕುಣಿಯುವಷ್ಟು ಖುಷಿ. ಜೊತೆಗೆ ಒಂದು ಮುಜುಗರ. ಗುರುತು ಪರಿಚಯ ಇಲ್ಲದ ಮನುಷ್ಯ ಮೂರು ದಿನ ನನ್ನ ಜೊತೆ ಕೂತ ಹಾಗಾಯಿತು, ಇವರಿಗೆ ನಾನು ಏನು ಕೊಡಲಿ? ಕೇಳಿಯೇಬಿಟ್ಟೆ. ಅವರು ಹೇಳಿದ್ದು ಇಷ್ಟೇ: "ಆ ಸದ್ದು ಅಲ್ಲೇ ಇರಲಿ, ಅಳಿಸಬೇಡಿ. ಇನ್ನೊಬ್ಬರಿಗೂ ಇದೇ ಸದ್ದು ಬರುತ್ತೆ."

ಈ ಮಾತು ತಲೆಯಲ್ಲಿ ಉಳಿದುಬಿಟ್ಟಿದೆ. ನಾನು ಅದನ್ನು ನಮ್ಮಿಬ್ಬರ ನಡುವಿನ ವ್ಯವಹಾರ ಅಂದುಕೊಂಡಿದ್ದೆ. ಕೇಳಿದವನು ನಾನು, ಹೇಳಿದವರು ಅವರು, ಲೆಕ್ಕ ನಮ್ಮಿಬ್ಬರದು. ಅವರ ತಲೆಯಲ್ಲಿ ಮೊದಲಿನಿಂದಲೂ ಮೂರನೆಯವರೊಬ್ಬರು ಇದ್ದರು. ಇನ್ನೂ ಬಂದಿಲ್ಲದವರು. ಯಾರು ಅಂತ ಗೊತ್ತಿಲ್ಲದವರು. ಅವರಿಗೋಸ್ಕರವೂ ಈ ಮನುಷ್ಯ ಬರೆಯುತ್ತಿದ್ದರು.

ಇಂಥದ್ದಕ್ಕೆ ಓದಿದವರು ಇಟ್ಟಿರುವ ಹೆಸರು ಸಾಮಾಜಿಕ ಬಂಡವಾಳ. ಹೆಸರು ಕೇಳಿದರೆ ಇತ್ತೀಚಿನ ಮ್ಯಾನೇಜ್‌ಮೆಂಟ್ ಮಾತು ಅನ್ನಿಸುತ್ತದೆ, ಅಲ್ವಾ? ಅಲ್ಲ. 1916ರಲ್ಲೇ ಎಲ್. ಜೆ. ಹ್ಯಾನಿಫನ್ ಎನ್ನುವವರು ಇದನ್ನು ಬಳಸಿದ್ದರು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಳ್ಳಿ ಶಾಲೆಗಳ ಮೇಲ್ವಿಚಾರಕರಾಗಿದ್ದವರು. ಅವರು ಹೇಳಿದ ಬಂಡವಾಳ ಅಂದರೆ ಆಸ್ತಿಯೂ ಅಲ್ಲ, ನಗದೂ ಅಲ್ಲ. ಜನರ ನಡುವಿನ ಒಳ್ಳೇತನ, ಒಡನಾಟ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಮಿಡಿಯುವುದು, ಇವು. ಇದನ್ನು ಬಂಡವಾಳ ಅಂತ ಕರೆದರೆ ವ್ಯವಹಾರಸ್ಥರಿಗೂ ಅರ್ಥವಾದೀತು ಅನ್ನುವ ಲೆಕ್ಕಾಚಾರ ಅವರಿಗೆ ಇದ್ದಂತೆ ಕಾಣುತ್ತದೆ.

ನನಗೆ ಈ ಪದದ ಮೇಲೆ ಒಂದು ತಕರಾರು, ಒಂದು ಪ್ರೀತಿ. ಪ್ರೀತಿ ಕನ್ನಡದ ಕಾರಣಕ್ಕೆ. ನಮ್ಮಲ್ಲಿ ಬಂಡವಾಳ ಹೂಡುವುದೂ ಉಂಟು, ಬಂಡವಾಳ ಬಯಲಾಗುವುದೂ ಉಂಟು. ನಾಲ್ಕು ಜನರ ಎದುರು ಪ್ರಶ್ನೆ ಕೇಳುವುದು ಅಂದರೆ ಎರಡನೆಯದು. ನನಗೆ ಸೂಜಿ ಹಾಕಲೂ ಬರುವುದಿಲ್ಲ ಅನ್ನುವ ಬಂಡವಾಳ ಸಾವಿರಾರು ಜನರ ಮುಂದೆ ಬಯಲಾಯಿತು. ಆದರೆ ಅದು ಬಯಲಾಗದೆ ಇದ್ದಿದ್ದರೆ ಅಲ್ಲಿ ಹುಟ್ಟಿದ್ದು ಯಾವುದೂ ಹುಟ್ಟುತ್ತಿರಲಿಲ್ಲ. ಕೇಳುವವನು ಮೊದಲು ಮಾನ ಹೂಡುತ್ತಾನೆ, ಹೇಳುವವನು ಆಮೇಲೆ ಸಮಯ ಹೂಡುತ್ತಾನೆ. ಈ ಮೊದಲನೇ ಹೂಡಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ನನ್ನ ದೂರು.

ತಕರಾರು ಏನೆಂದರೆ, ಬಂಡವಾಳ ಹಾಕಿದವನು ಬಡ್ಡಿ ಕಾಯುತ್ತಾನೆ. ಇಲ್ಲಿ ಹಾಗಿಲ್ಲ. ಇಲ್ಲಿರುವುದು ಋಣ. ಅದೂ ವಿಚಿತ್ರ ಋಣ, ಕೊಟ್ಟವರಿಗೆ ವಾಪಸ್ ಮಾಡಲಾಗದ್ದು. ನನಗೆ ಸಹಾಯ ಮಾಡಿದವರಿಗೆ ಮಷೀನ್ ವಿಷಯದಲ್ಲಿ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ, ಮುಂದೆಯೂ ಇರುವುದಿಲ್ಲ. ಮುಯ್ಯಿಗೆ ಮುಯ್ಯಿ ಇಲ್ಲಿ ನಡೆಯುವುದೇ ಇಲ್ಲ. ತೀರಿಸುವುದಿದ್ದರೆ ಇನ್ನೊಬ್ಬರಿಗೇ ತೀರಿಸಬೇಕು.

ಇದು ನನ್ನ ಭಾವುಕತೆ ಅಂದುಕೊಳ್ಳಬೇಡಿ. 2005ರಲ್ಲಿ ಮಾಲಿ ವಾಸ್ಕೋ ಮತ್ತು ಸಮರ್ ಫರಾಜ್ ಎಂಬ ಇಬ್ಬರು ಸಂಶೋಧಕರು ವಕೀಲರ ಒಂದು ಆನ್‌ಲೈನ್ ಜಾಲವನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ವಕೀಲರು! ಗಂಟೆ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುವ ಜನ. ಅವರು ಮುಖ ನೋಡದವರಿಗೆ ಪುಕ್ಕಟೆಯಾಗಿ ಸಲಹೆ ಬರೆಯುತ್ತ ಯಾಕೆ ಕೂರುತ್ತಾರೆ ಅನ್ನುವುದು ಪ್ರಶ್ನೆ. ತಮಗೆ ಹೆಸರು ಬರುತ್ತದೆ ಅನ್ನಿಸಿದವರು, ಹೇಳಲು ಅನುಭವ ಇದ್ದವರು, ಆ ಜಾಲದಲ್ಲಿ ತುಂಬ ಜನರ ಜೊತೆ ನಂಟು ಬೆಳೆದವರು ಜಾಸ್ತಿ ಬರೆಯುತ್ತಿದ್ದರು. ನಾನು ಕೊಟ್ಟರೆ ನನಗೂ ಕೊಡುತ್ತಾರೆ ಅನ್ನುವ ನಿರೀಕ್ಷೆ ಮಾತ್ರ ಅಲ್ಲಿ ಕಾರಣವಾಗಿ ಕಾಣಲಿಲ್ಲ. ಹೆಸರಿನ ಆಸೆ ಇತ್ತು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಹೆಸರಿನ ಆಸೆ ಇಲ್ಲದವರು ಯಾರಿದ್ದಾರೆ? ಆದರೆ ಆ ಹೆಸರನ್ನೂ ಕೊಡುವವರು ಪ್ರಶ್ನೆ ಕೇಳಿದ ಒಬ್ಬರಲ್ಲ. ಸುತ್ತ ಕೂತು ಓದುತ್ತಿರುವವರು.

ನನಗೆ ಇನ್ನೂ ಇಷ್ಟವಾದದ್ದು ಝೆರಾಕ್ಸ್ ಮೆಕ್ಯಾನಿಕ್‌ಗಳ ಕತೆ. ಝೆರಾಕ್ಸ್ ಕಂಪನಿಯಲ್ಲಿ ಮಷೀನ್ ರಿಪೇರಿಗೆ ಹೋಗುವವರ ಜೊತೆ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಓಡಾಡಿದರು. ಕಂಪನಿ ಕೊಟ್ಟ ಕೈಪಿಡಿ ದಪ್ಪಗಿತ್ತು. ಯಾವ ಎರರ್ ಕೋಡ್ ಬಂದರೆ ಏನು ಮಾಡಬೇಕು ಅಂತ ಅದರಲ್ಲಿ ಇತ್ತು. ಆದರೆ ಮಷೀನ್‌ಗಳು ಕೈಪಿಡಿ ಓದಿಕೊಂಡು ಕೆಡುವುದಿಲ್ಲವಲ್ಲ. ನಿಜವಾದ ಕಲಿಕೆ ನಡೆಯುತ್ತಿದ್ದದ್ದು ಈ ಮೆಕ್ಯಾನಿಕ್‌ಗಳು ಊಟಕ್ಕೆ ಕೂತಾಗ, ಕಾಫಿ ಕುಡಿಯುವಾಗ. ಒಬ್ಬ ತಾನು ಕಂಡ ವಿಚಿತ್ರ ರೋಗ ಹೇಳುವುದು, ಇನ್ನೊಬ್ಬ ಅದಕ್ಕೆ ತನ್ನದೊಂದು ಸೇರಿಸುವುದು, ಹೊರಗಿನಿಂದ ನೋಡಿದರೆ ಬರೀ ಹರಟೆ. ಮ್ಯಾನೇಜರ್ ಕಣ್ಣಿಗೆ ಹಾಳಾಗುತ್ತಿರುವ ಸಮಯ. ಅಲ್ಲೇ ವಿದ್ಯೆ ಕೈ ಬದಲಾಗುತ್ತಿತ್ತು.

ಆಮೇಲೆ 1990ರ ದಶಕದಲ್ಲಿ ಅದೇ ಕಂಪನಿ ಯುರೇಕಾ ಅಂತ ಒಂದು ವ್ಯವಸ್ಥೆ ಮಾಡಿತು. ಮೆಕ್ಯಾನಿಕ್‌ಗಳು ತಾವು ಕಂಡುಕೊಂಡ ಉಪಾಯ ಬರೆದು ಹಾಕುವುದು, ಬೇರೆ ಮೆಕ್ಯಾನಿಕ್‌ಗಳು ಪರಿಶೀಲಿಸಿ ಒಪ್ಪುವುದು, ಎಲ್ಲರೂ ಬಳಸುವುದು. ಒಂದೊಂದು ಉಪಾಯಕ್ಕೂ ಬಹುಮಾನದ ಹಣ ಕೊಡೋಣವೇ ಅನ್ನುವ ಮಾತು ಬಂತು. ಬೇಡ ಅಂದವರು ಮೆಕ್ಯಾನಿಕ್‌ಗಳೇ. ದುಡ್ಡು ಇಟ್ಟರೆ ಎಲ್ಲರೂ ಎಷ್ಟು ಬರೆದೆ ಅಂತ ಎಣಿಸುತ್ತಾರೆ, ಏನು ಬರೆದೆ ಅಂತ ನೋಡುವುದಿಲ್ಲ, ಅಂತ ಅವರ ವಾದ. ಅದರ ಬದಲು ಉಪಾಯದ ಜೊತೆ ಬರೆದವನ ಹೆಸರು ಇರಲಿ, ಸಾಕು. ನನಗೆ ಇದು ಬಹಳ ದೊಡ್ಡ ತಿಳಿವಳಿಕೆ ಅನ್ನಿಸುತ್ತದೆ. ಹೆಸರು ಇದ್ದರೆ ಹೊಗಳಿಕೆ ಬರುತ್ತದೆ ನಿಜ. ಉಪಾಯ ತಪ್ಪಾದರೆ ಯಾರನ್ನು ಹಿಡಿದು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಈಗ ಎಲ್ಲೆಲ್ಲೂ ಇರುವ ಅಂಕಗಳು, ಪದಕಗಳು, ನಕ್ಷತ್ರಗಳು ಇದರ ಮಕ್ಕಳು ಮೊಮ್ಮಕ್ಕಳು. ಪ್ರೋಗ್ರಾಮ್ ಬರೆಯುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ತಾಣ, 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ನಿಮ್ಮ ಉತ್ತರವನ್ನು ಒಬ್ಬರು ಮೆಚ್ಚಿದರೆ 10 ಅಂಕ. ಇನ್ನೊಬ್ಬರ ಉತ್ತರ ಸರಿಯಿಲ್ಲ ಅಂತ ಕೆಳಕ್ಕೆ ಒತ್ತಿದರೆ ನಿಮ್ಮದೇ 1 ಅಂಕ ಹೋಗುತ್ತದೆ, ಸುಮ್ನೆ ಹೊಟ್ಟೆಕಿಚ್ಚಿಗೆ ಒತ್ತಬಾರದು ಅಂತ. ಅಂಕ ಬೆಳೆದಂತೆ ಅಧಿಕಾರವೂ ಬೆಳೆಯುತ್ತದೆ, 2,000 ದಾಟಿದರೆ ಬೇರೆಯವರ ಬರಹವನ್ನು ನೇರವಾಗಿ ತಿದ್ದಬಹುದು. ಜಾಣ ಏರ್ಪಾಡು. ಆದರೂ ನನಗೆ ಹೆಚ್ಚು ಹಿಡಿಸುವುದು ವಿಕಿಪೀಡಿಯದ ಬಾರ್ನ್‌ಸ್ಟಾರ್. ಒಬ್ಬ ಸಂಪಾದಕ ಇನ್ನೊಬ್ಬನ ಪುಟದಲ್ಲಿ ಒಂದು ನಕ್ಷತ್ರದ ಚಿತ್ರ ಅಂಟಿಸಿ, ನೀನು ಮಾಡಿದ ಈ ಕೆಲಸ ಚೆನ್ನಾಗಿದೆ ಅಂತ ಎರಡು ಸಾಲು ಬರೆಯುವುದು. ಅದಕ್ಕೆ ಯಾವ ಬೆಲೆಯೂ ಇಲ್ಲ. ಇಬ್ಬರು ಸಂಶೋಧಕರು ಅತಿ ಹೆಚ್ಚು ಕೆಲಸ ಮಾಡುವ ಶೇ 1 ಸಂಪಾದಕರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಈ ನಕ್ಷತ್ರ ಕೊಟ್ಟು ನೋಡಿದರು, ಉಳಿದವರಿಗೆ ಕೊಡಲಿಲ್ಲ. 2012ರಲ್ಲಿ ಬಂದ ಆ ವರದಿಯ ಪ್ರಕಾರ ನಕ್ಷತ್ರ ಸಿಕ್ಕವರ ಕೆಲಸ ಶೇ 60ರಷ್ಟು ಹೆಚ್ಚಿತ್ತು. ಒಂದು ಚಿತ್ರ, ಎರಡು ಸಾಲು. ಯಾರೋ ನೋಡಿದ್ದಾರೆ ಅನ್ನುವುದಕ್ಕೆ ಇಷ್ಟು ಶಕ್ತಿ.

ಇಲ್ಲಿ ಒಂದು ಅಡ್ಡಮಾತು. ಗುಂಪುಗಳಲ್ಲಿ ಬಹುಪಾಲು ಜನ ಬರೆಯುವುದೇ ಇಲ್ಲ. ನೂರು ಜನರಲ್ಲಿ 90 ಜನ ಬರೀ ಓದುತ್ತಾರೆ, 9 ಜನ ಆಗಾಗ ಬರೆಯುತ್ತಾರೆ, ಒಬ್ಬರೇ ಬಹಳಷ್ಟು ಬರೆಯುತ್ತಾರೆ ಅಂತ ವೆಬ್ ಬಳಕೆಯ ತಜ್ಞ ಜಾಕೊಬ್ ನೀಲ್ಸನ್ 2006ರಲ್ಲಿ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದರು. ಈ 90 ಜನರನ್ನು ಪುಕ್ಕಟೆ ಗಿರಾಕಿಗಳು ಅಂತ ಬೈಯುವವರಿದ್ದಾರೆ. ನಾನು ಬೈಯಲಾರೆ. ಜನ ಕೆಲಸ ಕಲಿಯುವುದು ಹೇಗೆ ಅಂತ ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಹೇಳಿದ ಒಂದು ಮಾತು ಇದಕ್ಕೆ ಹೊಂದುತ್ತದೆ. ದರ್ಜಿಯ ಬಳಿ ಕೆಲಸ ಕಲಿಯಲು ಬಂದವನು ಮೊದಲ ದಿನವೇ ಕತ್ತರಿ ಹಿಡಿಯುವುದಿಲ್ಲ, ಅಂಚಿನಲ್ಲಿ ಕೂತು ಸಣ್ಣಪುಟ್ಟ ಕೆಲಸ ಮಾಡುತ್ತ, ನೋಡುತ್ತ, ನಿಧಾನವಾಗಿ ನಡುವಿಗೆ ಬರುತ್ತಾನೆ. ಅಂಚಿನಲ್ಲಿ ಕೂರುವುದೂ ಸೇರಿರುವುದೇ. ನನ್ನ ಮಷೀನ್ ಸರಿಯಾದ ಮೇಲೆ ನಾನೇ ಆ ಹೊಲಿಗೆ ಗುಂಪಿನಲ್ಲಿ ಒಂದೂವರೆ ವರ್ಷ ತುಟಿ ಬಿಚ್ಚದೆ ಓದಿದ್ದೇನೆ. ಸುಮ್ಮನೆ ಓದುವ ಆ 90 ಜನರಲ್ಲೇ ತಾನೇ ನಾನು ಹೇಳಿದ ಮೂರನೆಯವರು ಇರುವುದು?

ಒಂದೂವರೆ ವರ್ಷದ ನಂತರ ಮೊದಲ ಸಲ ಇನ್ನೊಬ್ಬರಿಗೆ ಉತ್ತರ ಕೊಟ್ಟೆ. ತಪ್ಪು ಉತ್ತರ. ಬಟ್ಟೆಯ ಕೆಳಮೈಯಲ್ಲಿ ದಾರ ಗೋಜಲಾಗುತ್ತಿದೆ ಅಂತ ಅವರ ಪ್ರಶ್ನೆ. ಕೆಳಗೆ ತಾನೇ ಗೋಜಲು, ಹಾಗಾದರೆ ಕೆಳಗಿನ ದಾರ ಸುತ್ತಿರುವ ಬಾಬಿನ್‌ನದೇ ತೊಂದರೆ, ಅದರ ಸ್ಕ್ರೂ ಬಿಗಿ ಮಾಡಿ, ಅಂತ ದೊಡ್ಡ ಮನುಷ್ಯನ ಹಾಗೆ ಬರೆದೆ. ಒಬ್ಬರು ಬಂದು, ಗೊತ್ತಿಲ್ಲದಿದ್ದರೆ ಸುಮ್ಮನಿರಬೇಕು, ಹೊಸಬರು ಆ ಸ್ಕ್ರೂ ಮುಟ್ಟಿ ಹಾಳು ಮಾಡಿಕೊಳ್ಳುತ್ತಾರೆ, ಅಂತ ಜಾಡಿಸಿದರು. ಕಿವಿ ಬಿಸಿಯಾಯಿತು. ಗುಂಪು ಬಿಟ್ಟುಬಿಡೋಣ ಅನ್ನಿಸಿತು, ನಿಜವಾಗಿ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬರೆದರು. ಇದು ಎಲ್ಲರೂ ಮೊದಮೊದಲು ಮಾಡುವ ತಪ್ಪು, ನಾನೂ ಮಾಡಿದ್ದೆ. ಕೆಳಗೆ ಗೋಜಲಾದರೆ ಸಾಮಾನ್ಯವಾಗಿ ದೋಷ ಮೇಲಿನ ದಾರದ್ದು. ಮೇಲಿನ ದಾರ ಸಡಿಲವಾಗಿದ್ದರೆ ಅದು ಕೆಳಗೆ ಹೋಗಿ ಸುರುಳಿ ಸುತ್ತಿಕೊಳ್ಳುತ್ತದೆ. ದಾರ ಪೂರ್ತಿ ತೆಗೆದು, ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಮೇಲೆತ್ತಿ, ಮತ್ತೆ ಮೊದಲಿನಿಂದ ಪೋಣಿಸಿ ನೋಡಿ.

ಇಬ್ಬರೂ ಹೇಳಿದ್ದು ಒಂದೇ ವಿಷಯ, ಇಬ್ಬರದೂ ಸರಿ. ಒಬ್ಬರ ಮಾತಿಗೆ ನಾನು ಹೊರಟುಹೋಗುತ್ತಿದ್ದೆ, ಇನ್ನೊಬ್ಬರ ಮಾತಿಗೆ ಉಳಿದೆ. ಕೆಳಗಿನ ಗೋಜಲಿಗೆ ಮೇಲೆ ನೋಡು ಅನ್ನುವುದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ, ಯಾಕೆಂದರೆ ಎಲ್ಲರೆದುರು ತಪ್ಪು ಮಾಡಿ ಕಲಿತದ್ದು.

ಬೈಸಿಕೊಂಡು ಹೊರಟುಹೋದವರ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಹೋದವರು ಹೋಗುವಾಗ ಬಾಗಿಲು ಬಡಿಯುವುದಿಲ್ಲವಲ್ಲ. ಆದರೆ ವಿಕಿಪೀಡಿಯದ ವಿಷಯದಲ್ಲಿ ಕೆಲವರು ಕೂತು ಲೆಕ್ಕ ಹಾಕಿದರು. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಯಾಕೆ ಅಂತ ಆರನ್ ಹಾಫೇಕರ್ ಮತ್ತು ಜೊತೆಗಾರರು 2013ರಲ್ಲಿ ಬರೆದರು. ಕಿಡಿಗೇಡಿಗಳನ್ನು ತಡೆಯಲು ಕಟ್ಟಿಕೊಂಡ ನಿಯಮಗಳು, ಅದಕ್ಕಾಗಿ ಮಾಡಿಕೊಂಡ ಯಂತ್ರಗಳು, ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ತಿದ್ದುಪಡಿಗಳನ್ನೂ ಕಿತ್ತೆಸೆಯುತ್ತಿದ್ದವು. ಮೊದಲ ಕೆಲಸವೇ ಅಳಿಸಿಹೋದ ಹೊಸಬ ಮತ್ತೆ ಬರಲಿಲ್ಲ. ಗುಣಮಟ್ಟ ಕಾಯುವ ಹಟದಲ್ಲಿ ನಾಳೆ ಕಾಯಬೇಕಾದವರನ್ನೇ ಓಡಿಸಿದ ಹಾಗಾಯಿತು. ಹೀಗೆ ಮಾಡಿದವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷ ಅದೇ ಪ್ರಶ್ನೆಗೆ ಅದೇ ಉತ್ತರ ಬರೆದವರ ಸುಸ್ತು ನನಗೆ ಅರ್ಥವಾಗುತ್ತದೆ. ಆದರೆ ಹಳಬರಿಗೆ ಅದು ಸಾವಿರನೇ ಪ್ರಶ್ನೆ, ಕೇಳಿದವರಿಗೆ ಮೊದಲನೆಯದು.

ದುರ್ಬಲ ನಂಟುಗಳ ಬಗ್ಗೆ, ಅಂದರೆ ಅಷ್ಟಕ್ಕಷ್ಟೇ ಪರಿಚಯ ಇರುವವರ ಬಗ್ಗೆ, ಹೇಳದೆ ಮುಂದೆ ಹೋಗಲಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದದ್ದು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದರು, ಆ ಸುದ್ದಿ ಹೇಳಿದವರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ. ಪದೇಪದೇ ಭೇಟಿಯಾಗುತ್ತಿದ್ದೆ ಅಂದವರು ಸುಮಾರು ಶೇ 17. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಅಂದರು. ಯೋಚಿಸಿದರೆ ಸರಿಯೇ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸದು ಬರಬೇಕಾದರೆ ದೂರದವರಿಂದಲೇ ಬರಬೇಕು. ನನ್ನ ಬಂಧುಬಳಗದಲ್ಲಿ, ಗೆಳೆಯರಲ್ಲಿ ಒಬ್ಬರಿಗೂ ಸೂಜಿಯ ಚಪ್ಪಟೆ ಮೈ ಗೊತ್ತಿರಲಿಲ್ಲ. ನನ್ನ ಮೇಲೆ ಪ್ರಾಣ ಇಟ್ಟುಕೊಂಡ ಜನ ಅವರೆಲ್ಲ. ಪ್ರಾಣ ಇಟ್ಟುಕೊಂಡವರು ಜ್ವರ ಬಂದಾಗ ಬೇಕು, ಸೂಜಿಗೆ ಬೇಕಾದವರು ಬೇರೆ. ರಾಜಕೀಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ ಇವನ್ನು ಎರಡಾಗಿ ಬೇರೆ ಮಾಡಿ ಹೇಳಿದರು: ಹತ್ತಿರದವರನ್ನು ಬೆಸೆಯುವ ಬಂಡವಾಳ, ದೂರದವರಿಗೆ ಸೇತುವೆಯಾಗುವ ಬಂಡವಾಳ. ಆನ್‌ಲೈನ್ ಗುಂಪುಗಳು ಸೇತುವೆ ಕಟ್ಟುವುದರಲ್ಲಿ ಗಟ್ಟಿ. ಆದರೆ ಕೆಲವು ಗುಂಪುಗಳಲ್ಲಿ ವರ್ಷಗಟ್ಟಲೆ ಮಾತಾಡಿ ಮಾತಾಡಿ ಸೇತುವೆಯ ಮೇಲೇ ಮನೆ ಕಟ್ಟಿಕೊಂಡವರನ್ನೂ ಕಂಡಿದ್ದೇನೆ.

ಎಲ್ಲರೆದುರು ಯೋಚಿಸುವುದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ನನಗೆ ನೆನಪಾಗುವುದು 2009ರ ಪಾಲಿಮ್ಯಾತ್. ಟಿಮ್ ಗವರ್ಸ್ ಎಂಬ ಗಣಿತಜ್ಞ, ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದವರು, ಒಂದು ಕಠಿಣ ಸಮಸ್ಯೆಯನ್ನು ಎಲ್ಲರ ಮುಂದಿಟ್ಟು ಬನ್ನಿ ಒಟ್ಟಿಗೆ ಯೋಚಿಸೋಣ ಅಂದರು. ಅರ್ಧ ಹುಟ್ಟಿದ ಯೋಚನೆ ಆದರೂ ಬರೆಯಿರಿ, ಪೆದ್ದುತನ ಅನ್ನಿಸಿದರೂ ಪರವಾಗಿಲ್ಲ ಅನ್ನುವುದೇ ನಿಯಮ. 37 ದಿನಗಳಲ್ಲಿ 27 ಜನ ಸುಮಾರು 800 ಸಲ ಬರೆದರು, ಎಲ್ಲ ಸೇರಿ ಸುಮಾರು 1,70,000 ಪದಗಳು. ಸಮಸ್ಯೆ ಬಗೆಹರಿಯಿತು. ಟೆರೆನ್ಸ್ ಟಾವ್ ಅಂಥ ಹೆಸರಾಂತ ಗಣಿತಜ್ಞರ ಜೊತೆ ಒಬ್ಬ ಹೈಸ್ಕೂಲ್ ಮೇಷ್ಟ್ರೂ ಅದರಲ್ಲಿ ಕೈಜೋಡಿಸಿದ್ದರು. ಉತ್ತರಕ್ಕಿಂತ ನನಗೆ ಬೆರಗಾಗುವುದು ಉಳಿದ ಆ ರಾಶಿಯ ಬಗ್ಗೆ. ಸಾಮಾನ್ಯವಾಗಿ ಗಣಿತದ ಪ್ರಬಂಧದಲ್ಲಿ ಸರಿ ದಾರಿ ಮಾತ್ರ ಇರುತ್ತದೆ, ಎಡವಿದ ಜಾಗಗಳನ್ನೆಲ್ಲ ಒರೆಸಿಹಾಕಿರುತ್ತಾರೆ. ಇಲ್ಲಿ ಅಷ್ಟು ದೊಡ್ಡವರು ಎಡವಿದ ಕಲ್ಲುಗಳೂ ಹಾಗೇ ಬಿದ್ದಿವೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಹೇಳಲಾಗದ ವಿದ್ಯೆ ಅಂತ ಒಂದಿದೆ. ನಮಗೆ ಗೊತ್ತಿರುವುದೆಲ್ಲ ನಮ್ಮ ಬಾಯಲ್ಲಿ ಬರುವುದಿಲ್ಲ ಅನ್ನುವುದರ ಬಗ್ಗೆ ಚಿಂತಕ ಮೈಕೆಲ್ ಪೊಲಾನಿ 1960ರ ದಶಕದಲ್ಲೇ ತಲೆ ಕೆಡಿಸಿಕೊಂಡಿದ್ದರು. "ಟಕ್" ಅನ್ನುವ ಸದ್ದು ದಾರದ ಚೂರಿನದು ಅಂತ ನಿಮಗೆ ಹೇಗೆ ಗೊತ್ತಾಯಿತು ಅಂತ ನನ್ನ ಗುರುಗಳನ್ನು ಕೇಳಿದರೆ ಅವರು, ಹಾಗೇ ಕೇಳಿಸಿತು, ಅಂದರು ಅಷ್ಟೇ. ಸಾವಿರ ಮಷೀನ್ ಕೇಳಿದ ಕಿವಿ. ಅದನ್ನು ಬರೆದಿಡಲು ಆಗುವುದಿಲ್ಲ. ಆದರೆ ಸದ್ದನ್ನೇ ಇಟ್ಟು, ಅದರ ಕೆಳಗೆ ಇದು ಇಂಥದ್ದು ಅಂತ ಬರೆದರೆ, ಕೇಳಿ ಕೇಳಿ ಇನ್ನೊಂದು ಕಿವಿ ತಯಾರಾಗಬಹುದು.

ಇಂಥ ಕಿವಿ ಒಮ್ಮೆ ದೊಡ್ಡ ಅನಾಹುತ ತಪ್ಪಿಸಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನೋ ಪರೀಕ್ಷೆ ಮಾಡುತ್ತಿದ್ದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಅರ್ಧ ಸೆಕೆಂಡ್! ನಾನಾಗಿದ್ದರೆ ನೆಟ್ ನಿಧಾನ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಅವರು ಬೆನ್ನು ಹತ್ತಿದರು. ಎಕ್ಸ್‌ಝಡ್ ಅನ್ನುವ, ಲೆಕ್ಕವಿಲ್ಲದಷ್ಟು ಲಿನಕ್ಸ್ ಕಂಪ್ಯೂಟರುಗಳಲ್ಲಿ ಇರುವ ಪುಟ್ಟ ಸಾಫ್ಟ್‌ವೇರ್ ಒಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು.

ಇಟ್ಟದ್ದು ಹೇಗೆ ಅನ್ನುವುದೇ ನನ್ನ ವಿಷಯಕ್ಕೆ ಸಂಬಂಧಪಟ್ಟದ್ದು. ಬೀಗ ಮುರಿಯಲಿಲ್ಲ. ನಂಬಿಕೆ ಗಳಿಸಿದರು. ಜಿಯಾ ಟ್ಯಾನ್ ಅನ್ನುವ ಹೆಸರಿನಲ್ಲಿ ಒಬ್ಬರು, ಅಥವಾ ಒಂದು ತಂಡ, ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ಒಳ್ಳೆಯ ಕೆಲಸವನ್ನೇ ಮಾಡಿಕೊಟ್ಟರು. ಅದನ್ನು ನೋಡಿಕೊಳ್ಳುತ್ತಿದ್ದದ್ದು ದಣಿದಿದ್ದ ಒಬ್ಬ ಸ್ವಯಂಸೇವಕ. ಬೇರೆ ಬೇರೆ ಹೆಸರುಗಳಿಂದ ಅವರ ಮೇಲೆ ಒತ್ತಡ ಬಂತು, ನಿಮ್ಮ ಕೈಲಿ ಆಗದಿದ್ದರೆ ಬೇರೆಯವರಿಗೆ ಕೊಡಿ ಅಂತ. ಕೊನೆಗೆ ಬೀಗದ ಕೈ ಸಿಕ್ಕಿತು. ಸಾಮಾಜಿಕ ಬಂಡವಾಳವನ್ನು ಕೂಡಿಸಿ ಕೂಡಿಸಿ ಕಳ್ಳತನಕ್ಕೆ ಹಾಕಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಈ ಕತೆ ಹೇಳಿದಾಗ ಗೆಳೆಯನೊಬ್ಬ, ನೋಡಿದೆಯಾ, ಗೊತ್ತಿಲ್ಲದವರನ್ನು ನಂಬಿದರೆ ಹೀಗೇ, ಅಂದ. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಅಷ್ಟು ಜನ ಆ ಸಾಫ್ಟ್‌ವೇರ್ ಬಳಸುತ್ತಿದ್ದರು, ಕಂಪನಿಗಳು ಬಳಸುತ್ತಿದ್ದವು. ನಡೆಸುತ್ತಿದ್ದವರು ಸುಸ್ತಾದಾಗ ಹೆಗಲು ಕೊಡಲು ಮುಂದೆ ಬಂದದ್ದು ಕಳ್ಳ ಒಬ್ಬನೇ. ಋಣ ಎಲ್ಲರಿಗೂ ಇತ್ತು, ನೆನಪು ಯಾರಿಗೂ ಇರಲಿಲ್ಲ.

ಕಳ್ಳರಷ್ಟೇ ಅಲ್ಲ, ಜಾಗದ ಯಜಮಾನರೂ ಒಂದು ಅಪಾಯ. ಯಾಹೂ ಗ್ರೂಪ್ಸ್‌ನಲ್ಲಿ ಜನ ಸುಮಾರು ಎರಡು ದಶಕ ಬರೆದದ್ದನ್ನು ಅಳಿಸುತ್ತೇವೆ ಅಂತ 2019ರಲ್ಲಿ ಕಂಪನಿ ಹೇಳಿತು, 2020ರ ಡಿಸೆಂಬರ್‌ನಲ್ಲಿ ಪೂರ್ತಿ ಬಾಗಿಲು ಹಾಕಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಓಡಾಡಿ ಕೈಗೆ ಸಿಕ್ಕಷ್ಟನ್ನು ಎತ್ತಿಟ್ಟಿತು. ಉಳಿದದ್ದು ಹೋಯಿತು. ಈಗಿನ ಗುಂಪುಗಳು ಬಹುಪಾಲು ಚಾಟ್ ಆಪ್‌ಗಳೊಳಗೆ ಸೇರಿಕೊಂಡಿವೆ. ಅಲ್ಲಿ ಬರೆದದ್ದು ನಾಳೆ ಬೆಳಿಗ್ಗೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಹೊರಗಿನವರು ಹುಡುಕಿದರೂ ಸಿಗುವುದಿಲ್ಲ. ಮಾತು ಬೆಚ್ಚಗಿದೆ, ಜನ ಹತ್ತಿರವಾಗಿದ್ದಾರೆ, ಎಲ್ಲ ಸರಿ. ಮೂರನೆಯವರಿಗೆ ಮಾತ್ರ ಬಾಗಿಲಿಲ್ಲ.

ಎಐ ಬಗ್ಗೆ ಏನಾದರೂ ಹೇಳಲೇಬೇಕಲ್ಲ. ನಾನೂ ಬಳಸುತ್ತೇನೆ. ರಾತ್ರಿ ಎರಡು ಗಂಟೆಗೆ ಪೆದ್ದು ಪ್ರಶ್ನೆ ಕೇಳಿದರೂ ಗದರಿಸುವುದಿಲ್ಲ, ಈಗೀಗ ತಿರುಗಿ ಪ್ರಶ್ನೆಯನ್ನೂ ಕೇಳುತ್ತದೆ. ಬಂಡವಾಳ ಬಯಲಾಗುವ ಭಯವಿಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳುವ ಪ್ರಶ್ನೆಗಳು ಭಾರೀ ಇಳಿದಿವೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿ ಹೊಸಬರನ್ನು ನಡೆಸಿಕೊಂಡ ರೀತಿ ನೆನೆಸಿಕೊಂಡರೆ ಜನ ಓಡಿದ್ದು ತಪ್ಪು ಅಂತಲೂ ಹೇಳಲಾರೆ. ಆದರೆ ಒಂದು ತಮಾಷೆ ಇದೆ. ಆ ಯಂತ್ರ ಕಲಿತದ್ದೇ ಹೀಗೆ ಜನ ಒಬ್ಬರಿಗೊಬ್ಬರು ಬಯಲಲ್ಲಿ ಬರೆದಿಟ್ಟ ಮಾತುಗಳಿಂದ. ಈಗ ನಾನು ಅದರ ಜೊತೆ ಮೂರು ಗಂಟೆ ಗುದ್ದಾಡಿ ಒಂದು ಸಮಸ್ಯೆ ಬಿಡಿಸಿಕೊಂಡೆ ಅಂದುಕೊಳ್ಳಿ, ಆ ಗುದ್ದಾಟ ನನ್ನ ಖಾತೆಯೊಳಗೇ ಉಳಿಯುತ್ತದೆ. ನಾಳೆ ಅದೇ ಸಮಸ್ಯೆ ಬಂದ ಇನ್ನೊಬ್ಬರಿಗೆ ಅದು ಕಾಣುವುದಿಲ್ಲ. ನನಗೂ ಯಾರ ಋಣವೂ ಇಲ್ಲ. ಹಗುರ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಋಣ ಇಲ್ಲದ ಮೇಲೆ ಇನ್ನೊಬ್ಬರಿಗೆ ಹೇಳಿಕೊಡಲು ಕೂರುವಂತೆ ನನ್ನನ್ನು ತಳ್ಳುವುದಾದರೂ ಏನು?

ಹೋದ ವಾರ ಹೊಲಿಗೆ ಗುಂಪಿನಲ್ಲಿ ನನ್ನ ಹೆಸರು ಹಿಡಿದು ಯಾರೋ ಕೂಗಿದ್ದರು. ಹೊಸಬರು, ಹೆಸರು ಹಿಂದೆಂದೂ ಕಂಡಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಾನು ಹಾಕಿದ ಸದ್ದನ್ನು ಹುಡುಕಿ ಕೇಳಿದ್ದಾರೆ. "ನನ್ನ ಮಷೀನಿಂದಲೂ ಇಂಥದ್ದೇ ಸದ್ದು ಬರುತ್ತಿದೆ. ಶಟಲ್ ಗೂಡು ಬಿಚ್ಚಿ ನೋಡಿದೆ, ದಾರ ಏನೂ ಇಲ್ಲ. ಮತ್ತೆ ಮತ್ತೆ ಕೇಳಿದಾಗ ನಿಮ್ಮದಕ್ಕಿಂತ ನನ್ನದು ಸ್ವಲ್ಪ ಮಂದ ಅನ್ನಿಸುತ್ತಿದೆ. ಏನಿರಬಹುದು ಸರ್?"

ಸರ್ ಅಂತೆ! ಏನಿರಬಹುದು ಅಂತ ನನಗೂ ಗೊತ್ತಿಲ್ಲ. ನನ್ನ ಗುರುಗಳು ಈಚೆಗೆ ಅಪರೂಪಕ್ಕೆ ಬರುತ್ತಾರೆ, ಅವರ ಹೆಸರನ್ನೂ ಸೇರಿಸಿ ಕೂಗಿಟ್ಟಿದ್ದೇನೆ. ಅಷ್ಟರಲ್ಲಿ ನನ್ನ ಕೈಲಾದದ್ದು ಇದು ಅಂತ ಬರೆದೆ: ದಾರ ತೆಗೆದು, ಬಟ್ಟೆ ಇಡದೆ, ಕೈಯಲ್ಲಿ ನಿಧಾನವಾಗಿ ಚಕ್ರ ತಿರುಗಿಸಿ ನಿಮ್ಮ ಸದ್ದನ್ನೂ ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೀರಾ? ಇನ್ನೂ ಹಾಕಿಲ್ಲ. ಕಾಯುತ್ತಿದ್ದೇನೆ.